ಲಾಲ ಅಹ್ಮದ ಕೊರೆದ ಹೆಸರುಗಳು

ಬೋರವಾಡಿ, ತಾಲೂಕು ಔರಾದ
೧೨ ನವೆಂಬರ್ ೧೯೫೦

ಪ್ರಿಯ ಮಕ್ಸೂದ,

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೈಸ್ಕೂಲು ಮುಗಿಯುವ ತನಕ ಇಬ್ಬರೂ ಉರ್ದುವಿನಲ್ಲೇ ಕಲಿತೆವು. ಈಗ ಪಥಕದ ವರದಿಯೆಲ್ಲ ಕನ್ನಡದಲ್ಲಿ ಇರಬೇಕು, ನನಗೆ ರೂಢಿ ಬೇಕು. ನೀನು ಪ್ರೆಸ್ಸಿನಲ್ಲಿ ಎರಡೂ ಭಾಷೆಯ ಅಚ್ಚಿನ ಮೊಳೆ ಜೋಡಿಸುವವನು, ನನ್ನ ತಪ್ಪುಗಳನ್ನು ಸಹಿಸಿಕೊಳ್ಳುತ್ತೀ.

ಇಲ್ಲಿ ಊರವರಿಗೆ ಓದು ಕಲಿಸುವ ನನ್ನ ಸೇವಾವರ್ಷ ಜನವರಿ ಕೊನೆಗೆ ಮುಗಿಯುತ್ತದೆ. ಗ್ರಾಮಸೇವಾ ಪಥಕದ ನಿಯಮ ನಿನಗೆ ಹೇಳಿದ್ದೆ: ಸೇವಕನಾದವನು ವರ್ಷದೊಳಗೆ ಹಳ್ಳಿಯ ಪ್ರತಿ ಮನೆಯಲ್ಲೂ ಒಮ್ಮೆಯಾದರೂ ಉಂಡಿರಬೇಕು. ಜಾತಿ ನೋಡಬಾರದು, ಬಾಯಿಬಿಟ್ಟು ಕೇಳಬಾರದು, ಮನೆಯವರೇ ಕರೆಯಬೇಕು. ಮೊದಲು ಇದನ್ನು ಕೇಳಿದಾಗ ನಮ್ಮವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಒಂದು ಮನೆ ಬಿಟ್ಟು ಎಲ್ಲ ಕಡೆ ಉಂಡಾಯಿತು.

ನನಗೆ ಹೆಚ್ಚು ಮುಖ್ಯವಾದ ಲೆಕ್ಕ ಬೇರೆ. ನನ್ನ ವರ್ಷ ಮುಗಿಯುವುದರೊಳಗೆ ನಿಮ್ಮ ಅಮ್ಮಿಯ ಅಕ್ಕ ಖಾಜಾಬಿ ಖಾಲಾ ಅವರನ್ನು ಬೋರವಾಡಿಯ ಅವರ ಸ್ವಂತ ಮನೆಗೆ ಕರೆತಂದು ಇಳಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ನಿನ್ನೆ ಪಾಟೀಲ ಶಿವರಾಜಪ್ಪನವರನ್ನು ಮತ್ತೆ ಕಂಡೆ. ಜೋಳದ ಹೊಲದ ಬದುವಿನ ಮೇಲೆ ನಿಂತೇ ಹೇಳಿದರು: "ಬರ್ಲಿ ತಗೋರಿ ಗುರೂಜಿ. ಅಕಿ ಮನಿ ಅಕಿಗಿ. ನಾವೇನ್ ಬ್ಯಾಡಂದೇವೇನು?"

ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷ ದಾಟಿತು. ಆ ಗಲಭೆಯಲ್ಲಿ ಖಾಲಾ ಅವರ ಗಂಡ, ನಿಮ್ಮ ಖಾಲು ಲಾಲ ಅಹ್ಮದರು ತೀರಿದ ಮನೆ ಬೀಗ ಹಾಕಿದಂತೆಯೇ ಇದೆ. ಆ ಓಣಿಯ ಉಳಿದ ಮುಸಲ್ಮಾನ ಮನೆಯವರು ಹೈದರಾಬಾದಿಗೆ ಹೋದರು, ಬರುವ ಮಾತಿಲ್ಲ. ಖಾಲಾ ಒಬ್ಬರಾದರೂ ಬರಲಿ. ಮುಂದಿನ ತಿಂಗಳು ಬಂಡಿ ತರಲೇ? ಬೇಗ ಬರೆ. ಕೈಕಟ್ಟಿ ಕುಳಿತುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ನಿನ್ನ
ಮಲ್ಲಿಕಾರ್ಜುನಪ್ಪ


ಶಾಹಗಂಜ ದರ್ವಾಜಾ ಹತ್ತಿರ, ಬೀದರ
೨೪ ನವೆಂಬರ್ ೧೯೫೦

ಮಲ್ಲಿಕಾರ್ಜುನ,

ನಿನ್ನ ಪತ್ರವನ್ನು ಖಾಲಾಗೆ ಎರಡು ಸಲ ಓದಿ ಹೇಳಿದೆ. ಪಾಟೀಲರ ಮಾತು ಬಂದಲ್ಲಿ ಕೈ ಎತ್ತಿ ನಿಲ್ಲಿಸಿದಳು. "'ಬರ್ಲಿ' ಅಂದನೋ, 'ಬಾ' ಅಂದನೋ?" ಎಂದು ಕೇಳಿದಳು. 'ಬರ್ಲಿ' ಎಂದದ್ದು ಎಂದೆ. ಬೇಳೆ ಆರಿಸುವುದನ್ನು ಮುಂದುವರಿಸಿದಳು.

ಅವಳೂ ಕೈಕಟ್ಟಿ ಕುಳಿತವಳಲ್ಲ ಎಂಬುದು ನಿನಗೆ ತಿಳಿದಿರಲಿ. ಎರಡು ವರ್ಷದಿಂದ ನಮ್ಮ ಮನೆಯಲ್ಲಿದ್ದಾಳೆ, ತಂದ ಗಂಟು ಇನ್ನೂ ಬಿಚ್ಚಿಲ್ಲ. ಬೇಕಾದ ಸೀರೆಯನ್ನು ಗಂಟಿನ ಬದಿಯಿಂದ ಎಳೆದು ತೆಗೆಯುತ್ತಾಳೆ. ಅಮ್ಮಿಗೂ ಅವಳಿಗೂ ಒಲೆಯ ಮುಂದೆ ದಿನಾ ಜಗಳ. "ಇದು ನನ್ನ ಮನಿ ಅಲ್ಲ, ಅದಕ ಒಗ್ಗರಣಿ ಹತ್ತವಲ್ದು" ಎನ್ನುತ್ತಾಳೆ. ಅಮ್ಮಿ ಅವಳ ಸ್ವಂತ ತಂಗಿ ಎಂಬುದನ್ನು ಇಬ್ಬರೂ ಮರೆತ ಹಾಗಿದೆ.

ಬಂಡಿ ಈಗಲೇ ಬೇಡ. ಅವಳು ಕೇಳಿದ್ದು ಇಷ್ಟು: ಹಿತ್ತಲಿನ ಗೋಡೆ ನಿಂತಿದೆಯೇ? ಹೊಲ ಯಾರು ಬಿತ್ತುತ್ತಿದ್ದಾರೆ? ಊಟಕ್ಕೆ ಕರೆದವರು ನಿನಗೆ ಯಾವುದರಲ್ಲಿ ಬಡಿಸುತ್ತಾರೆ? ಮೂರನೆಯದು ಯಾಕೆ ಎಂದು ನಾನು ಕೇಳಿದೆ. "ನೀ ಬರಿ, ಸಾಕು" ಎಂದಳು.

ಪ್ರೆಸ್ಸಿನಲ್ಲಿ ಉರ್ದು ಕೆಲಸ ಕಡಿಮೆಯಾಗಿದೆ. ಮಾಲೀಕರು ಏನೂ ಹೇಳಿಲ್ಲ, ಆದರೆ ಉರ್ದು ಮೊಳೆಯ ಪೆಟ್ಟಿಗೆಗಳನ್ನು ಹಿಂದಿನ ಖೋಲಿಗೆ ಸರಿಸಿದ್ದಾರೆ.

ಮಕ್ಸೂದ


ಬೋರವಾಡಿ
೫ ಡಿಸೆಂಬರ್ ೧೯೫೦

ಪ್ರಿಯ ಮಕ್ಸೂದ,

ಖಾಲಾಗೆ ಉತ್ತರ ಕೊಡು. ಗೋಡೆಯ ಮೇಲಿನ ಅರ್ಧ ಬಿದ್ದಿದೆ, ಬುನಾದಿ ಗಟ್ಟಿಯಿದೆ. ಹೊಲವನ್ನು ಪಾಟೀಲರು ಬಿತ್ತಿಸಿದ್ದಾರೆ, "ಬೀಳ ಬಿಡಬಾರ್ದಂತ" ಎನ್ನುತ್ತಾರೆ. ಮೂರನೆಯದಕ್ಕೆ ಉತ್ತರ ಸುಲಭ: ಎಲೆಯಲ್ಲಿ. ಎಲ್ಲ ಮನೆಯಲ್ಲೂ ಹೊಸದಾಗಿ ಹಚ್ಚಿದ ಮುತ್ತಲ ಎಲೆಯ ಪತ್ರೋಳಿ. ಅಂಬಲಿಗೆ ಮಣ್ಣಿನ ಕುಡಿಕೆ. ಪಾಟೀಲರ ಮನೆಯಲ್ಲೂ ಹಾಗೆಯೇ. ನಾನು ಲಿಂಗವಂತರ ಮನೆಯವನು, ನನ್ನ ಮಡಿಗೆ ಕುಂದು ಬರದಿರಲೆಂದು ಮಾಡುತ್ತಾರೆ ಎಂದುಕೊಂಡೆ. ಆಮೇಲೆ ಪಾಟೀಲರ ಹೆಂಡತಿ ಕಸ್ತೂರಿಬಾಯಿಯವರು ಬೇರೆ ಕಾರಣ ಹೇಳಿದರು: "ಕಲಾಯಿ ಹಾಕಾವ ಇಲ್ರಿ ಗುರೂಜಿ. ಕಲಾಯಿ ಹೋದ ತಾಟಿನ್ಯಾಗ ಹುಳಿ ಬಡಿಸಿದ್ರ ಕಿಲುಬ ಏಳತದ." ಕಲಾಯಿ ಹಾಕುತ್ತಿದ್ದವರು ನಿಮ್ಮ ಖಾಲು ತಾನೆ. ಅವರಿಲ್ಲದ್ದು ಊರಿಗೆ ಹೀಗೂ ತಟ್ಟಿದೆ ಎಂದು ಖಾಲಾಗೆ ಹೇಳು, ಸ್ವಲ್ಪ ಸಮಾಧಾನವಾದೀತು.

ನನಗೆ ಸಮಾಧಾನವಿಲ್ಲ. ಭಾಲ್ಕಿಯ ಶಾಲೆಗೆ ಮಾಸ್ತರನೆಂದು ಆರ್ಡರು ಬಂದಿದೆ, ಫೆಬ್ರವರಿ ಒಂದಕ್ಕೆ ಹಾಜರಾಗಬೇಕು. ಓದಿಸುವ ಕೆಲಸ ಮುಗಿದ ಮೇಲೆ ಸುಮ್ಮನೆ ಪಕ್ಕದ ಠಾಣಾ ಕುಶನೂರಿಗೆ ನಡೆದು ಹೋಗಿ ತಿರುಗಿ ಬರುತ್ತೇನೆ. ಅಲ್ಲಿ ಕೆಲಸವೇನೂ ಇರುವುದಿಲ್ಲ.

ಇನ್ನೂ ಕರೆಯದ ಮನೆಯೊಂದಿದೆ ಎಂದಿದ್ದೆನಲ್ಲ, ಅದು ಕುರಿ ಕಾಯುವ ಧೊಂಡಿಬಾನದು. ಹೆಂಡತಿ ಪುತಳಾಬಾಯಿ ನನ್ನನ್ನು ಕಂಡರೆ ಕುರಿಗಳ ನಡುವೆ ಹೋಗಿ ನಿಲ್ಲುತ್ತಾಳೆ. ಮೊನ್ನೆ ಅವಳೇ ಎದುರಾಗಿ ಹೇಳಿದಳು: "ಹಾಲ ಬೇಕಾದ್ರ ಒಯ್ರಿ, ಉಣ್ಣೆ ಬೇಕಾದ್ರ ಒಯ್ರಿ. ಊಟಕ್ಕ ಕರೀಲಿಲ್ಲಂತ ಮಾತ್ರ ಹಲುಬಬ್ಯಾಡ್ರಿ." ನಾನು ಹಲುಬಿಯೇ ಇರಲಿಲ್ಲ. ಬಹುಶಃ ನನ್ನ ಮುಖ ಹಲುಬುತ್ತಿತ್ತು.

ನಿನ್ನ
ಮಲ್ಲಿಕಾರ್ಜುನಪ್ಪ


ಬೀದರ
೧೬ ಡಿಸೆಂಬರ್ ೧೯೫೦

ಮಲ್ಲಿಕಾರ್ಜುನ,

ಎಲೆಯ ಸಂಗತಿ ಓದಿದಾಗ ಖಾಲಾ ಮೊದಲು ನಕ್ಕಳು. ಆಮೇಲೆ ನನ್ನನ್ನು ಹತ್ತಿರ ಕೂಡ್ರಿಸಿಕೊಂಡಳು. ಅವಳು ಹೇಳಿದ್ದನ್ನು ನೀನು ಕೂತುಕೊಂಡು ಓದು.

ಪ್ರತಿ ವರ್ಷ ದಸರೆಗೆ ಮುಂಚೆ ಊರಿನ ತಾಟು, ತಂಬಿಗೆ, ಪರಾತಗಳೆಲ್ಲ ಕಲಾಯಿಗೆಂದು ಅವರ ಮನೆಗೆ ಬರುತ್ತಿದ್ದವು. ಒಂದರೊಳಗೊಂದು ಬೆರೆಯಬಾರದೆಂದು ಖಾಲು ಪ್ರತಿಯೊಂದರ ಅಂಚಿಗೂ ಮನೆಯವರ ಹೆಸರು ಕೊರೆಯುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಉರ್ದು ಒಂದೇ. ಪಾಟೀಲರ ಹೆಸರಾಗಲಿ, ಧೊಂಡಿಬಾನದಾಗಲಿ, ತಮ್ಮ ಹೆಂಡತಿಯದಾಗಲಿ, ಎಲ್ಲವೂ ಉರ್ದುವಿನಲ್ಲೇ. ಆ ಊರಿನಲ್ಲಿ ಅದನ್ನು ಓದುವವರು ಅವರೊಬ್ಬರೇ ಇದ್ದರು.

ಪೊಲೀಸ್ ಆ್ಯಕ್ಷನ್ ಆದ ವರ್ಷವೂ ದಸರೆಗೆ ಮುಂಚೆ ಊರಿನ ಅರ್ಧ ಭಾಂಡೆ ಅವರ ಪಡಸಾಲೆಯಲ್ಲಿತ್ತು. ಖಾಲಾ ಆಗ ಇಲ್ಲಿ, ಅಮ್ಮಿಗೆ ಹುಷಾರಿಲ್ಲವೆಂದು ಬಂದಿದ್ದಳು. ಮನೆ ಲೂಟಿಯಾಯಿತು, ಖಾಲು ತೀರಿದರು ಎಂಬುದು ಮಾತ್ರ ನಮಗೆ ತಲುಪಿತು. ಅಲ್ಲಿದ್ದ ಭಾಂಡೆ ಯಾರ ಯಾರ ಮನೆ ಸೇರಿತೋ ದೇವರೇ ಬಲ್ಲ.

"ಅವರ ಮನ್ಯಾಗ ತಾಟ ಅವ" ಎಂದಳು ಖಾಲಾ. "ಯಾರ ತಾಟ ಯಾರ ಮನ್ಯಾಗ ಅದಂತ ಅವರಿಗೇ ತಿಳೀದು. ನಿನ ಗೆಳ್ಯಾಗ ಓದಾಕ ಬರ್ತದ. ಅದಕ ಎಲಿ."

ಇನ್ನೊಂದು ಮಾತು. "ಅವ ಯಾರ ತಾಟೂ ಮಗುಚಿ ನೋಡಬಾರ್ದು. ಯಾರನ್ನೂ ಕೇಳಬಾರ್ದು. ಕೇಳಿದ್ರ ನಾ ಬರಾಂಗಿಲ್ಲ." ಇದನ್ನು ನಿನಗೆ ಸ್ಪಷ್ಟವಾಗಿ ಬರೆಯಬೇಕೆಂದು ನನ್ನ ಪಕ್ಕದಲ್ಲೇ ಕೂತಿದ್ದಾಳೆ.

ಮಕ್ಸೂದ


ಬೋರವಾಡಿ
೨೨ ಡಿಸೆಂಬರ್ ೧೯೫೦

ಮಕ್ಸೂದ,

ಕೇಳಿಬಿಟ್ಟೆ. ತಡೆದುಕೊಳ್ಳಲು ಆಗಲಿಲ್ಲ. ಪಾಟೀಲರ ಮನೆಯಲ್ಲಿ ಮತ್ತೆ ಎಲೆ ಹಾಸಿದರು. "ತಾಟು ಯಾಕ ಇಡಂಗಿಲ್ರಿ?" ಎಂದೆ. ಕಸ್ತೂರಿಬಾಯಿಯವರು ಒಳಗೆ ಹೋದರು. ಪಾಟೀಲರು ನನ್ನನ್ನೇ ನೋಡುತ್ತ ಹೇಳಿದರು: "ನಮ್ಮ ಭಾಂಡಿ ನಾವ ತಂದೇವಿ. ಅದ್ರಾಗೇನ್ ತಪ್ಪದ?" ನಾನು ಭಾಂಡೆ ತಂದ ಮಾತನ್ನೇ ಎತ್ತಿರಲಿಲ್ಲ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಇವತ್ತು ಓದಲು ಯಾರೂ ಬರಲಿಲ್ಲ. ಖಾಲಾಗೆ ಇದನ್ನು ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಮ.


ಬೋರವಾಡಿ
೮ ಜನವರಿ ೧೯೫೧

ಪ್ರಿಯ ಮಕ್ಸೂದ,

ನೀನು ಉತ್ತರ ಬರೆಯಲಿಲ್ಲ. ಸರಿ. ಆದರೂ ಇದನ್ನು ಬರೆಯದೆ ಇರಲಾರೆ.

ನಿನ್ನೆ ಎಳ್ಳ ಅಮಾವಾಸ್ಯೆ. ಊರೆಲ್ಲ ಬುತ್ತಿ ಹೊತ್ತು ಹೊಲಕ್ಕೆ ಹೋಗಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಚಾವಡಿಯ ಕಟ್ಟೆಯ ಮೇಲೆ ಕೂತಿದ್ದೆ. ಪುತಳಾಬಾಯಿ ಬಂದು, "ಏಳ್ರಿ, ನಮ್ಮ ಹೊಲಕ ಹೋಗೂಣು" ಎಂದಳು.

ಹೊಲದಲ್ಲಿ ಜೋಳದ ದಂಟಿನ ಕೊಪ್ಪೆಯ ನೆರಳಿಗೆ ಕೂಡ್ರಿಸಿ, ಬಟ್ಟೆಯಿಂದ ಒಂದು ಹಿತ್ತಾಳೆ ತಾಟು ತೆಗೆದು ನನ್ನ ಮುಂದಿಟ್ಟಳು. "ಉಣ್ಣೂಕಿಂತ ಮೊದ್ಲು ಓದ್ರಿ. ಯಾರ ಹೆಸರದ?" ಧೊಂಡಿಬಾ ದೂರದಲ್ಲಿ ಕುರಿಗಳ ಕಡೆ ಮುಖ ಮಾಡಿ ನಿಂತಿದ್ದ.

ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆದ ಉರ್ದು ಅಕ್ಷರ. 'ಖಾಜಾಬಿ' ಎಂದಿತ್ತು. ಓದಿ ಹೇಳಿದೆ.

"ನಂದs ಇದ್ದೀತಂತ ಒಂದೀಟ ಆಸೆ ಇತ್ತು" ಎಂದಳು. ಆಮೇಲೆ ಅವಳಾಗಿಯೇ ಹೇಳಿದಳು. ನಾನು ಕೇಳಲಿಲ್ಲ, ಖಾಲಾಗೆ ಇದನ್ನು ತಿಳಿಸು. ಅವಳ ಮಾತಿನಲ್ಲೇ ಬರೆಯುತ್ತೇನೆ:

"ಗಡಿಬಿಡಿ ಆಗ್ತದ, ನಿಮ್ಮ ಭಾಂಡಿ ನೀವು ಒಯ್ರಿ ಅಂತ ಲಾಲ ಅಹ್ಮದನೇ ಹೇಳಿ ಕಳಿಸಿದ್ದ. ನಾವು ಹೋದೇವು. ಬಾಗಿಲಾಗ ಕುಂತು ಒಂದೊಂದs ಎತ್ತಿ, ಹೆಸರ ಓದಿ ಕೊಡ್ಲಿಕತ್ತಿದ್ದ. 'ಗದ್ಲ ಮಾಡಬ್ಯಾಡ್ರಿ, ಎಲ್ಲಾರ್ದೂ ಎಲ್ಲಾರಿಗಿ ಕೊಡ್ತೇನಿ' ಅಂತಿದ್ದ. ಅಷ್ಟ್ರಾಗ ಹೊರಗಿನ ಮಂದಿ ಬಡಿಗಿ ಹಿಡಕೊಂಡು ಬಂದ್ರು. ಅವರು ಒಯ್ದಬಿಡ್ತಾರಂತ ನಮ್ಮವರೂ ನುಗ್ಗಿದ್ರು. ಪಾಳಿ ಬರೂತನ ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ. ಕೈಗಿ ಸಿಕ್ಕಿದ್ದು ತಗೊಂಡು ಓಡಿದೆ. ಹೊಳ್ಳಿ ನೋಡಿದ್ರ ಓದಾವ ಬಿದ್ದಿದ್ದ."

ಹೊಡೆದವರು ಹೊರಗಿನವರೋ ಊರವರೋ ಎಂದು ಅವಳು ಹೇಳಲಿಲ್ಲ. ಭಜ್ಜಿ, ಸಜ್ಜೆಯ ರೊಟ್ಟಿ ಅದೇ ತಾಟಿನಲ್ಲಿ ಬಡಿಸಿದಳು. ಉಂಡೆ. ಪಥಕದ ಲೆಕ್ಕದ ಪ್ರಕಾರ ನನ್ನ ವರ್ಷದ ಕೆಲಸ ಪೂರ್ತಿಯಾಯಿತು.

ನಿನ್ನ
ಮಲ್ಲಿಕಾರ್ಜುನಪ್ಪ


ಬೋರವಾಡಿ
೧೫ ಜನವರಿ ೧೯೫೧

ಪ್ರಿಯ ಮಕ್ಸೂದ,

ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿನವನು ಕಾಯುತ್ತಿದ್ದಾನೆ. ಸಂಕ್ರಾಂತಿಯ ಬೆಳಿಗ್ಗೆ ಖಾಲಾ ಅವರ ಮನೆಯ ಹೊಸ್ತಿಲ ಮುಂದೆ ಭಾಂಡೆಯ ರಾಶಿ ಬಿದ್ದಿತ್ತು. ತಾಟು, ತಂಬಿಗೆ, ಎರಡು ಕೊಡ, ಒಂದು ಪಾತೇಲಿ. ಇಟ್ಟವರು ಯಾರೆಂದು ಯಾರೂ ಹೇಳುವುದಿಲ್ಲ. ಎಲ್ಲರೂ ನೋಡಲು ಬಂದಿದ್ದರು, ಎಲ್ಲರಿಗೂ ಆಶ್ಚರ್ಯ.

ಕೂತು ಒಂದೊಂದನ್ನೇ ಓದಿದೆ. ನೀನು ನಂಬುವುದಿಲ್ಲ. ಖಾಲಾ ಅವರ ಹೆಸರಿನವು ಕೆಲವು, ಆ ಓಣಿಯ ಉಳಿದವರವು ಕೆಲವು. ಆದರೆ ಸುಮಾರು ಅರ್ಧದಷ್ಟು ಇದೇ ಊರಿನವರ ಸ್ವಂತ ಭಾಂಡೆ. ಧೊಂಡಿಬಾನ ಹೆಸರಿನ ತಾಟು ಅದರಲ್ಲಿದೆ. ಪಾಟೀಲರ ಹೆಸರಿನ ತಂಬಿಗೆ ಇದೆ. ಯಾವುದು ಯಾರದೆಂದು ತಿಳಿಯದೆ, ಅನುಮಾನ ಬಂದದ್ದನ್ನೆಲ್ಲ ಇಟ್ಟು ಹೋಗಿದ್ದಾರೆ. ನಿಮ್ಮವು ಒಯ್ಯಿರಿ ಎಂದೆ. ಯಾರೂ ಮುಂದೆ ಬರಲಿಲ್ಲ. ತನ್ನದೆಂದು ಒಂದು ಎತ್ತಿಕೊಂಡರೆ ತಾನು ಇಟ್ಟವರಲ್ಲಿ ಒಬ್ಬನೆಂದು ಒಪ್ಪಿಕೊಂಡಂತಾಗುತ್ತದೆ.

ಚಾವಡಿಯಲ್ಲಿದ್ದ ಬೀಗದ ಕೈ ತರಿಸಿ, ಎಲ್ಲವನ್ನೂ ಒಳಗಿಟ್ಟು ಮತ್ತೆ ಬೀಗ ಹಾಕಿದ್ದೇನೆ. ಇನ್ನು ಖಾಲಾ ಬರಬಹುದು. ೨೫ಕ್ಕೆ ಬಂಡಿ ಹಿಡಿದು ಔರಾದದ ಮೋಟಾರು ನಿಲ್ಲುವಲ್ಲಿ ಕಾಯುತ್ತೇನೆ. ಹೂಂ ಎಂದು ಬರೆ.

ನಿನ್ನ
ಮಲ್ಲಿಕಾರ್ಜುನಪ್ಪ


ಬೀದರ
೨೦ ಜನವರಿ ೧೯೫೧

ಮಲ್ಲಿಕಾರ್ಜುನ,

೨೫ಕ್ಕೆ ಬಂಡಿ ತರಬೇಡ.

ನೀನು ಪಾಟೀಲರನ್ನು ಕೇಳಿದ್ದು ಖಾಲಾಗೆ ಗೊತ್ತಿದೆ. ಅದಕ್ಕೆ ಬೈದಳು, ಆದರೆ ಬರುವುದಿಲ್ಲ ಎನ್ನಲಿಲ್ಲ. ಹೊಲದಲ್ಲಿ ಪುತಳಾಬಾಯಿ ಹೇಳಿದ್ದನ್ನು ಓದಿದ ದಿನ ಗಂಟನ್ನು ಹೊರಗೆ ತಂದು ಕಟ್ಟೆಯ ಮೇಲಿಟ್ಟಿದ್ದಳು. ಖಾಲು ಬಾಗಿಲಲ್ಲಿ ಕೂತು ಹೆಸರು ಓದುತ್ತಿದ್ದರು ಎಂಬುದು ಇಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ಭಾಂಡೆಯ ರಾಶಿಯ ಪತ್ರ ಓದಿದಾಗ ಒಂದೇ ಪ್ರಶ್ನೆ ಕೇಳಿದಳು: "ಯಾರ ತಂದಿಟ್ರು?" ಗೊತ್ತಿಲ್ಲ ಎಂದೆ. ಆಗ ಹೇಳಿದ್ದು ಇದು:

"ಭಾಂಡಿ ತಾವs ನಡಕೊಂಡು ಬಂದ್ವೇನು? ಹಂಗಾದ್ರ ನನ ಗಂಡನೂ ತಾನs ಸತ್ತಿರಬೇಕು. ನನಗ ತಾಟ ಬೇಕಾಗಿಲ್ಲ. ಒಬ್ಬರರೆ ಕೈಯಾಗ ಹಿಡಕೊಂಡು ಬರ್ಲಿ, ಇದ ನಾ ಒಯ್ದಿದ್ದೆ ಅನ್ಲಿ. ಅಲ್ಲೀತನ ನಾ ಇಲ್ಲೇ ನಿಮ್ಮಮ್ಮಿ ಸಂಗಟ ಜಗಳಾಡ್ಕೋತ ಇರ್ತೇನಿ."

ಗಂಟು ಒಳಗೆ ಹೋಯಿತು.

ನಿನಗೆ ತಾರೀಖು ಮುಗಿಯುತ್ತದೆ ಎಂಬ ಚಿಂತೆ. ಅವಳಿಗೆ ತಾರೀಖು ಇಲ್ಲ. ಇದನ್ನು ಕೋಪದಿಂದ ಬರೆಯುತ್ತಿಲ್ಲ.

ಮಕ್ಸೂದ


ಬೋರವಾಡಿ
೩೦ ಜನವರಿ ೧೯೫೧

ಪ್ರಿಯ ಮಕ್ಸೂದ,

ನಾಳೆ ಹೊರಡುತ್ತೇನೆ. ಪೆಟ್ಟಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ.

ಖಾಲಾ ಅವರ ಮಾತನ್ನು ಚಾವಡಿಯಲ್ಲಿ ಎಲ್ಲರ ಮುಂದೆ ಓದಿದೆ. ಗಂಡ ತಾನೇ ಸತ್ತಿರಬೇಕು ಎಂಬ ಸಾಲನ್ನು ಎರಡು ಸಲ ಓದಿದೆ. ಪಾಟೀಲರು, "ಎಲ್ಲಾ ಹೊಳ್ಳಿ ಬಂತಲ್ರಿ, ಇನ್ನೇನ್ ಮಾಡಬೇಕು" ಎಂದು ಎದ್ದರು. ಅವರು ಎದ್ದದ್ದು ನೋಡಿ ಉಳಿದವರೂ ಎದ್ದರು. ಮಾಸ್ತರಕಿ ಬೇಡ, ಇಲ್ಲೇ ಉಳಿಯುತ್ತೇನೆ ಎಂದು ಪಥಕಕ್ಕೆ ಬರೆಯಲು ಕುಳಿತೆ. ಬರೆದು ಹರಿದೆ. ನಾನು ಉಳಿದರೂ ಆಗುವುದು ಇಷ್ಟೇ: ಅವರು ಎಲೆ ಹಾಸುತ್ತಾರೆ, ನಾನು ಉಣ್ಣುತ್ತೇನೆ.

ಕೊಟ್ಟ ಮಾತು ನಡೆಸಲಾಗಲಿಲ್ಲ. ಖಾಲಾಗೆ ಅದನ್ನು ನಾನೇ ಬಂದು ಹೇಳಬೇಕು, ಬಿಡುವಾದಾಗ ಬರುತ್ತೇನೆ. ಮನೆಯ ಬೀಗದ ಕೈ ಧೊಂಡಿಬಾನಲ್ಲಿ ಕೊಟ್ಟಿದ್ದೇನೆ. ಕೊಡಲು ಹೋದಾಗ ಪುತಳಾಬಾಯಿ, ಬೀದರದಲ್ಲಿ ನಿಮ್ಮ ಮನೆ ಯಾವ ದರ್ವಾಜಾ ಹತ್ತಿರ ಎಂದು ಕೇಳಿದಳು. ಹೇಳಿದೆ. ಇನ್ನು ಮುಂದೆ ಭಾಲ್ಕಿಯ ವಿಳಾಸಕ್ಕೆ ಬರೆ.

ಮಲ್ಲಿಕಾರ್ಜುನಪ್ಪ


ಬೀದರ
೯ ಫೆಬ್ರವರಿ ೧೯೫೧

ಮಲ್ಲಿಕಾರ್ಜುನ,

ಹೊಸ ಶಾಲೆ ಹೇಗಿದೆ ಎಂದು ಆಮೇಲೆ ಬರೆ. ಮೊದಲು ಇದನ್ನು ಕೇಳು.

ಸೋಮವಾರ ಪ್ರೆಸ್ಸಿನಿಂದ ಬಂದಾಗ ನಮ್ಮ ಕಟ್ಟೆಯ ಮೇಲೆ ಕಂಬಳಿ ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ಮೋಟಾರಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಿದ್ದಳಂತೆ, ಮುಖ ಬಿಳಿಚಿತ್ತು. ಖಾಲಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಹಾಗಿದ್ದರೋ ನನಗೆ ತಿಳಿಯದು.

ಪುತಳಾಬಾಯಿ ತಾಟು ತೆಗೆದು ಎರಡೂ ಕೈಯಲ್ಲಿ ಹಿಡಿದು, "ಇದ ನಾ ಒಯ್ದಿದ್ದೆ" ಎಂದಳು.

ಖಾಲಾ ತಾಟು ತೆಗೆದುಕೊಂಡಳು, ತಿರುಗಿಸಿ ನೋಡಿದಳು. "ಎರಡ ವರ್ಸ ಇದರಾಗ ಏನ ಉಂಡಿ?"

"ಏನೂ ಉಂಡಿಲ್ಲ. ಜ್ವಾಳ ತುಂಬಿದ ಗುಮ್ಮಿ ಬಾಯಿಗಿ ಮುಚ್ಚಿಟ್ಟಿದ್ದೆ."

"ಗುಮ್ಮಿ ಮುಚ್ಚಾಕ ನನ್ನ ತಾಟs ಸಿಕ್ತೇನು? ಉಣಬೇಕಿತ್ತು, ಹುಚ್ಚಿ."

ಆಮೇಲೆ ಇಬ್ಬರೂ ಅತ್ತರು. ಅಮ್ಮಿಯೂ ಅತ್ತಳು, ಯಾಕೆಂದು ಅವಳಿಗೆ ಪೂರ್ತಿ ತಿಳಿದಿರಲಿಲ್ಲ. ನನಗೆ ಅಲ್ಲಿ ಕೆಲಸವಿರಲಿಲ್ಲ, ನೀರು ತರಲು ಹೋದೆ.

ಅವಳು ಎರಡು ದಿನ ನಮ್ಮಲ್ಲಿ ಉಳಿದಳು. ಬಾಗಿಲಲ್ಲಿ ಆದದ್ದನ್ನೆಲ್ಲ ಖಾಲಾ ಬಾರಿಬಾರಿಗೆ ಹೇಳಿಸಿಕೊಂಡಳು. ಯಾರು ಎಡಕ್ಕೆ ನಿಂತಿದ್ದರು, ಯಾರು ಮೊದಲು ನುಗ್ಗಿದರು. ಕೆಲವು ಕಡೆ ಪುತಳಾಬಾಯಿ ಸುಮ್ಮನಾಗುತ್ತಿದ್ದಳು. ಖಾಲಾ ಒತ್ತಾಯ ಮಾಡಲಿಲ್ಲ, ಮರುದಿನ ಅಲ್ಲಿಂದಲೇ ಮತ್ತೆ ಕೇಳುತ್ತಿದ್ದಳು.

ನಿನ್ನೆ ಇಬ್ಬರೂ ಔರಾದದ ಮೋಟಾರು ಹತ್ತಿದರು. ಮಲ್ಲಿಕಾರ್ಜುನ ಅಲ್ಲಿಲ್ಲ, ಅವನಿಗೆ ಬರೆಯುತ್ತೇನೆ, ರಜೆ ಹಾಕಿ ಬರಲಿ, ಒಬ್ಬಳೇ ಹೋಗಬೇಡ ಎಂದೆ. "ಅವನ ವರ್ಸ ಮುಗೀತು, ಪಾಪ, ಕೆಲಸ ಮಾಡ್ಲಿ ಬಿಡು" ಎಂದಳು. ಗಂಟು ತಾನೇ ಹೊತ್ತಳು. ನಾನು ಜೊತೆಗೆ ಬರಬೇಕೆಂದಿದ್ದೆ, ಬಿಡಲಿಲ್ಲ. ಈಗ ಮನೆಯಲ್ಲಿ ಒಲೆಯ ಮುಂದೆ ಸದ್ದಿಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಹಾಗೆ ಎಲ್ಲಿಗಾದರೂ ನಡೆದು ಹೋಗಿ ಬರೋಣ ಎನ್ನಿಸುತ್ತದೆ.

ಮಕ್ಸೂದ


ಬೋರವಾಡಿ
೧೧ ಮಾರ್ಚ್ ೧೯೫೧

ಮಲ್ಲಿಕಾರ್ಜುನಗ ಖಾಜಾಬಿ ಖಾಲಾ ಮಾಡುವ ದುವಾ. ಠಾಣಾ ಕುಶನೂರಿನ ಟಪಾಲಿನವನು ಬರಕೊಡ್ಲಿಕತ್ತಾನ. ನಾ ಹೇಳಿದ್ದು ಹೇಳಿದಂಗs ಬರಿ ಅಂದೇನಿ.

ನಾ ಆರಾಮ ಇದ್ದೇನಿ. ಧೊಂಡಿಬಾ ಗೋಡಿ ಕಟ್ಟಿಕೊಟ್ಟ. ಸೊಟ್ಟ ಕಟ್ಯಾನ, ಇರ್ಲಿ. ನೀ ನನಗ ಮಾತ ಕೊಟ್ಟಿದ್ದೆ, ನಡೀಲಿಲ್ಲಂತ ಮಾರಿ ಸಣ್ಣ ಮಾಡ್ಕೊಂಡೀಯಂತ ಮಕ್ಸೂದ ಬರ್ದಾನ. ಮಾರಿ ತೊಳ್ಕೊ. ನೀ ಕರಕೊಂಡು ಬಂದಿದ್ರ ನೀ ಹೋದ ದಿನ ನಾನೂ ಹೋಗಬೇಕಾಗ್ತಿತ್ತು.

ಒಳಗ ನೀ ಇಟ್ಟ ರಾಶಿ ಹಂಗs ಅದ. ಇಲ್ಲಿ ಓದಾವರಿಲ್ಲ. ಟಪಾಲಿನವಗ ಉರ್ದು ಬರ್ತದ, ಓದಿ ಹೇಳ್ಲೇನಂದ. ಬ್ಯಾಡಂದೆ. ಬಾಗಿಲ ತೆರದಿಟ್ಟು ಕುಂಡರ್ತೇನಿ. ತಮ್ಮದು ಬೇಕಾದವರು ಒಳಗ ಬಂದು, ನನ ಮುಂದ ಕುಂತು, ಕೈಯಾಡಿಸಿ ಹುಡುಕಬೇಕು. ಹುಡುಕುವಾಗ ಮಾತಾಡ್ತಾರ. ಇಲ್ಲೀತನ ನಾಕ ಮಂದಿ ಬಂದಾರ. ಒಬ್ಬಾಕಿ ಭಾಳ ಅತ್ಲು. ನಿನ್ನ ಅಳು ನಿನ್ನ ಮನ್ಯಾಗ ಅಳು, ನನಗ ಅವತ್ತೇನಾತು ಹೇಳು ಅಂದೆ. ಹೇಳಿದ್ಲು. ಪುತಳಾ ನೋಡಲಾರದ್ದು ಅಕಿ ನೋಡಿದ್ಲು.

ಪಾಟೀಲ ಆಳಿನ ಕೈಯಾಗ ಒಂದು ಚೀಲ ಜ್ವಾಳ ಕಳಿಸಿದ್ದ, ಹೊಲದ ಪಾಲಂತ. ಹೊಳ್ಳಿ ಕಳಿಸಿದೆ. ಹೊಲ ನಂದು, ಬಿತ್ತಿದಾವ ತಾನು ಬಂದು ಮಾತಾಡ್ಲಿ.

ಅವನ ಹೆಂಡ್ತಿ ಕಸ್ತೂರಿಬಾಯಿ ಇನ್ನಾ ಬಂದಿಲ್ಲ. ನನ್ನ ದೊಡ್ಡ ಪರಾತ ಅಕಿ ಮನ್ಯಾಗ ಅದ, ಎಲ್ಲಾರಿಗಿ ಗೊತ್ತದ. ಲಾಲ ಅಹ್ಮದನ್ನ ಮೊದಲ ದಬ್ಬಿದಾವ ಯಾರಂತಾನೂ ಅಕಿಗಿ ಗೊತ್ತದ ಅಂತಾರ. ದಿನಾ ಮುಂಜಾನಿ ಬಾವಿಗಿ ಬರ್ತಾಳ. ಮೊದಲ ಆಳಿನ ಕಳಿಸ್ತಿದ್ಲಂತ, ಈಗ ಯಾಕೋ ತಾನs ಬರ್ತಾಳ. ನನ ಕಡಿ ನೋಡಂಗಿಲ್ಲ, ಹಗ್ಗ ಗಡಬಡ ಎಳೀತಾಳ, ಅರ್ಧಾ ಕೊಡ ತುಂಬಿದ್ರೂ ನಡೀತಾಳ. ನಾ ಕೊಡ ತೊಳ್ಕೋತ ನಿಂದಿರ್ತೇನಿ.

ಈ ಊರಾಗ ನೀರಿನ ಬಾವಿ ಒಂದs ಅದ, ಬೇಟಾ. ನೀರ ಇಳಿದ್ರ ಕೊಡ ತುಂಬೂತನ ಎಲ್ಲಾರೂ ನಿಲ್ಲಬೇಕು. ಬ್ಯಾಸಗಿ ಇನ್ನಾ ಬರೂದದ.

ಖಾಜಾಬಿ
ಹೆಬ್ಬೆಟ್ಟು